ದೊಡ್ಡಮೂಗು ಮತ್ತು ಆರು ನೀಲಿ ಬಟ್ಟಲು

ಎಣ್ಣೆ ಕಾರ್ಖಾನೆಯಲ್ಲಿ ಅವಳನ್ನು ದೊಡ್ಡಮೂಗು ಎಂದು ಕರೆಯುತ್ತಿದ್ದರು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ, ಬೆನ್ನ ಹಿಂದೆ ಕರೆಯದವರೂ ಯಾರೂ ಇರಲಿಲ್ಲ. ಮೂಗೇನೂ ದೊಡ್ಡದಲ್ಲ. ಸಾಧಾರಣ ಮೂಗು, ಪಕ್ಕದಲ್ಲೊಂದು ಮಚ್ಚೆ, ಅಷ್ಟೆ. ಆದರೆ ಇಪ್ಪತ್ತಾರು ವರ್ಷಗಳಿಂದ ಆ ಕಾರ್ಖಾನೆಯ ಒಂದೊಂದು ಡ್ರಮ್ಮು ಕಡಲೆಕಾಯಿ ಎಣ್ಣೆಯೂ ಮೊದಲು ಆ ಮೂಗಿನ ಕೆಳಗೆ ಹಾದುಹೋಗಬೇಕಿತ್ತು. ಅವಳು ಮೂಸಿ, ರಿಜಿಸ್ಟರಿನಲ್ಲಿ ‘ಪಾಸು’ ಎಂದು ಬರೆದು ಸಹಿ ಹಾಕಿದರೆ ಎಣ್ಣೆ ಬಾಟಲಿಗೆ. ‘ಕಮಟು’ ಎಂದು ಬರೆದರೆ ಸೋಪು ಮಾಡುವವರಿಗೆ. ಮಾಲೀಕನೇ ಬಂದು ಹಲ್ಲು ಗಿಂಜಿದರೂ ಅದಕ್ಕೆ ಎರಡನೆಯ ಮಾತಿಲ್ಲ.

ಇಷ್ಟು ಅಧಿಕಾರ ಒಂದು ಮೂಗಿಗೆ ಸಿಕ್ಕಿದರೆ ತಲೆ ನೆಟ್ಟಗಿರುವುದು ಕಷ್ಟ. ಅವಳದಂತೂ ಇರಲಿಲ್ಲ. ಮಹಡಿಯ ಮೂಲೆಯಲ್ಲಿದ್ದ ವಾಸನೆ ಕೋಣೆಯಲ್ಲಿ ಅವಳು ಆಡಿದ್ದೇ ಆಟ. ಒಂದು ಮೇಜು, ಅದರ ಎರಡು ಕಡೆ ಎದುರುಬದುರು ಎರಡು ಸ್ಟೂಲು, ಎಣ್ಣೆ ಬೆಚ್ಚಗೆ ಮಾಡುವ ತಟ್ಟೆ, ದಪ್ಪನೆಯ ರಿಜಿಸ್ಟರು. ಸೆಂಟು ಹಾಕಿಕೊಂಡವರಿಗೂ ಹಸಿ ಈರುಳ್ಳಿ ತಿಂದವರಿಗೂ ಒಳಗೆ ಕಾಲಿಡಲು ಅಪ್ಪಣೆಯಿಲ್ಲ. ಹೊಸ ಗುಮಾಸ್ತನೊಬ್ಬ ಬಾಗಿಲಲ್ಲಿ ನಿಂತು “ಮೇಡಂ” ಎನ್ನುವಷ್ಟರಲ್ಲಿ, “ಇವತ್ತು ಹಲ್ಲುಜ್ಜಿಲ್ಲ ನೀನು, ಅಲ್ಲಿಂದ್ಲೇ ಹೇಳು” ಎಂದು ನಾಲ್ಕು ಜನರ ಎದುರು ಅವನ ಮಾನ ಕಳೆದಿದ್ದಳು. ಅವನು ತಿಂಗಳೊಳಗೆ ಕೆಲಸ ಬಿಟ್ಟ. ಅವಳು ಅದನ್ನೂ ತನ್ನ ಗೆಲುವಿನ ಲೆಕ್ಕಕ್ಕೇ ಸೇರಿಸಿಕೊಂಡಳು.

ಎದುರಿನ ಸ್ಟೂಲಿನಲ್ಲಿ ಕೂರುತ್ತಿದ್ದವಳು ಒಡಹುಟ್ಟಿದ ತಂಗಿ. ಅವಳಿಗೆ ಅರ್ಧಮೂಗು ಎಂದು ಹೆಸರು. ಇಟ್ಟವಳು ಅಕ್ಕನೇ. ಹತ್ತೊಂಬತ್ತು ವರ್ಷದ ಹಿಂದೆ ತಂಗಿಯನ್ನು ಕೆಲಸಕ್ಕೆ ಸೇರಿಸಿದ್ದೂ ಅವಳೇ, ಕಲಿಸಿದ್ದೂ ಅವಳೇ. ಮುಚ್ಚಳ ತೆಗೆ, ಮೂರು ಸಲ ಸಣ್ಣಗೆ ಮೂಸು, ಮುಚ್ಚು, ನಿನ್ನದೇ ಮೊಣಕೈ ಮಡಿಕೆ ಮೂಸಿ ಮೂಗಿಗೆ ಬಿಡುವು ಕೊಡು, ಆಮೇಲೆ ಮುಂದಿನದು. ತಪ್ಪು ಹೇಳಿದರೆ ಪೆನ್ಸಿಲಿನಿಂದ ಮಣಿಕಟ್ಟಿನ ಮೇಲೆ ಟಕ್ಕೆಂದು ಒಂದು. ತಂಗಿ ಎಲ್ಲವನ್ನೂ ಸಹಿಸಿಕೊಂಡು ಕಲಿತಳು. ಆರು ವರ್ಷದ ಹಿಂದೆ ಬೇರೊಂದು ಕಾರ್ಖಾನೆಯವರು ತಂಗಿಯನ್ನು ತಮ್ಮಲ್ಲಿಗೆ ದೊಡ್ಡ ಕೆಲಸಕ್ಕೆ ಕರೆದುಕೊಳ್ಳಲು ಬಂದು, ಅಕ್ಕನನ್ನು ವಿಚಾರಿಸಿದರು. “ಅವಳದು ಅರ್ಧಮೂಗು ಸ್ವಾಮಿ. ನಾನು ಪಕ್ಕದಲ್ಲಿದ್ರೆ ಮಾತ್ರ ನಡೆಯುತ್ತೆ” ಎಂದುಬಿಟ್ಟಳು ಅಕ್ಕ. ದುಡಿಯುವ ಕೈ ತಪ್ಪಿಹೋಗುತ್ತದೆಂಬ ಸಣ್ಣಬುದ್ಧಿ, ಬೇರೇನಲ್ಲ. ಮಾತು ಹೇಗೋ ತಂಗಿಯ ಕಿವಿಗೆ ಬಿತ್ತು. ಅಂದಿನಿಂದ ಆ ಕೋಣೆಯಲ್ಲಿ ‘ಬಿಸಿ’, ‘ಮುಚ್ಚಳ’, ‘ಪಾಸು’, ‘ಕಮಟು’ ಎಂಬ ನಾಲ್ಕು ಮಾತು ಬಿಟ್ಟರೆ ಐದನೆಯದಿಲ್ಲ. ಇಬ್ಬರೂ ಒಂದೇ ಬಸ್ಸಿಗೆ ಬರುವರು, ಒಬ್ಬಳು ಮುಂದಿನ ಬಾಗಿಲು, ಇನ್ನೊಬ್ಬಳು ಹಿಂದಿನ ಬಾಗಿಲು.

ಇನ್ನೊಂದು ಜಗಳ ಬಟ್ಟಲಿನದು. ವಾಸನೆ ನೋಡುವ ಎಣ್ಣೆಯನ್ನು ಕಡುನೀಲಿ ಗಾಜಿನ ಬಟ್ಟಲಿಗೆ ಹಾಕಬೇಕೆಂಬುದು ಆ ಕೋಣೆಯ ಹಳೆಯ ಪದ್ಧತಿ. ನೀಲಿ ಗಾಜಿನಲ್ಲಿ ಎಣ್ಣೆಯ ಬಣ್ಣ ಕಾಣುವುದಿಲ್ಲ, ಕಣ್ಣು ಮೂಗಿಗೆ ಚಾಡಿ ಹೇಳುವುದಿಲ್ಲ. ದೊಡ್ಡಮೂಗು ಅದನ್ನು ಯಾವತ್ತೋ ಗಾಳಿಗೆ ತೂರಿದ್ದಳು. “ಕಣ್ಣಿಗೆ ಹೆದರಿಕೊಳ್ಳೋ ಮೂಗು ಒಂದು ಮೂಗೇ?” ಎಂದು ಬಿಳಿ ಗಾಜಿನ ಲೋಟದಲ್ಲೇ ಮೂಸುತ್ತಿದ್ದಳು. ತಂಗಿ ಮಾತ್ರ ನೀಲಿ ಬಟ್ಟಲು ಬಿಡಲಿಲ್ಲ. ಅಕ್ಕ ಅದನ್ನು ನೋಡಿದಾಗಲೆಲ್ಲ ಮೂಗು ಮುರಿಯುತ್ತಿದ್ದಳು.

ಹೀಗಿರುವಾಗ ಎಲ್ಲರಿಗೂ ಬಂದ ಜ್ವರ ದೊಡ್ಡಮೂಗಿಗೂ ಬಂತು. ಒಂಬತ್ತು ದಿನ ಹಾಸಿಗೆ ಹಿಡಿದಳು. ಎದ್ದು ಕೆಲಸಕ್ಕೆ ಹೋದ ದಿನ ಲೋಟ ಎತ್ತಿ ಮೂಸಿದರೆ ನೀರು ಮೂಸಿದಂತಿತ್ತು. “ನೆಗಡಿ” ಎಂದು ಗೊಣಗಿ ರಿಜಿಸ್ಟರನ್ನು ತಂಗಿಯ ಕಡೆ ತಳ್ಳಿದಳು. ಎರಡನೆಯ ದಿನವೂ ನೀರು. ನಾಲ್ಕನೆಯ ದಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೊಂಬಣ್ಣದ ಎಣ್ಣೆಯನ್ನು ಕಣ್ತುಂಬ ನೋಡಿ ಮೂಸಿದಳು. ಬಂತು! ಹುರಿದ ಕಡಲೆಕಾಯಿಯ ಬೆಚ್ಚನೆಯ ವಾಸನೆ, ಸಿಪ್ಪೆಯ ಒಗರಿನ ಸಮೇತ. ಅವಳ ಕಣ್ಣಲ್ಲಿ ನೀರು ಬಂತು. ತಂಗಿ ನೋಡಿದಳೇನೋ ಎಂದು ಸೆರಗಿನಿಂದ ಒರೆಸಿಕೊಂಡು, ‘ಪಾಸು’ ಎಂದು ಎಂದಿಗಿಂತ ದಪ್ಪವಾಗಿ ಬರೆದಳು.

ಆದರೆ ಮನೆಯಲ್ಲಿ ಏನೂ ಬರುತ್ತಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲೆ ಮೂರು ಕೋಣೆಯ ಮನೆ. ಕೆಳಗಿಂದ ದಿನವಿಡೀ ರಬ್ಬರು, ಗ್ರೀಸಿನ ವಾಸನೆ ಬರುತ್ತದೆಂದು ಅವಳು ಬೈಯುತ್ತಿದ್ದಳು. ಈಗ ಬೈಯುವುದನ್ನೇ ಮರೆತಿದ್ದಳು. ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಾಗ ಸೊಸೆ ಓಡಿಬಂದಳು.

“ಅತ್ತೆ, ಹಾಲು ಸೀದು ಪಾತ್ರೆ ಕರ್ರಗಾಗಿದೆ! ಬೀದಿಗೆಲ್ಲ ಬಡೀತಿದೆ ವಾಸನೆ. ಪಕ್ಕದಲ್ಲೇ ಕೂತಿದ್ದೀರಲ್ಲ, ಗೊತ್ತಾಗ್ಲಿಲ್ವಾ?”

“ಕಾರ್ಖಾನೇಲಿ ಮೂಸಿ ಮೂಸಿ ಸಾಕಾಗಿರುತ್ತೆ. ನಿನ್ನ ಹಾಲು ಕಾಯೋಕೂ ನಾನೇ ಬೇಕಾ?” ಎಂದು ಸೊಸೆಯ ಮೇಲೆಯೇ ಹರಿಹಾಯ್ದಳು.

ಸೊಸೆ ಪಾತ್ರೆ ತಿಕ್ಕಲು ಹೋದ ಮೇಲೆ ಅವಳು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಪೆಟ್ಟಿಗೆಯಿಂದ ಅವ್ವನ ಶಾಲು ತೆಗೆದಳು. ಅವ್ವ ಜೀವಮಾನವಿಡೀ ಗಾಣದಲ್ಲಿ ದುಡಿದವಳು. ಆ ಶಾಲಿನಲ್ಲಿ ಹಿಂಡಿಯ ವಾಸನೆ, ಬೆವರಿನ ವಾಸನೆ. ಯಾರಿಗೂ ಹೇಳದೆ ವರ್ಷಕ್ಕೆರಡು ಸಲ ಅದನ್ನು ಮೂಸಿದರೆ ಅವ್ವ ಬಂದು ಪಕ್ಕದಲ್ಲಿ ಕೂತ ಹಾಗಾಗುತ್ತಿತ್ತು. ಈ ಸಲ ಮುಖವಿಟ್ಟು ಎಷ್ಟು ಎಳೆದರೂ ಬರೀ ಉಣ್ಣೆ. ಅವ್ವ ಸತ್ತು ಹದಿನೇಳು ವರ್ಷ ಆಗಿತ್ತು. ದೊಡ್ಡಮೂಗಿನ ಪಾಲಿಗೆ ಅವಳು ಆ ಸಂಜೆ ಇನ್ನೊಂದು ಸಲ ಸತ್ತಳು.

ಮಾರನೆಯ ದಿನ ಮಧ್ಯಾಹ್ನ ರಜೆ ಹಾಕಿ, ಯಾರಿಗೂ ಹೇಳದೆ ಮೂಗಿನ ಡಾಕ್ಟರ ಬಳಿ ಹೋದಳು. ಡಾಕ್ಟರು ಅವಳ ಕೆಲಸ, ಜ್ವರ ಎಲ್ಲ ವಿಚಾರಿಸಿಕೊಂಡು, ಮೂಗಿಗೆ ದೀಪ ಬಿಟ್ಟು ನೋಡಿ, ಕಣ್ಣು ಮುಚ್ಚಲು ಹೇಳಿ, ಒಂದು ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದರು.

“ಇದು ಕಾಫಿಪುಡಿ. ಬರ್ತಿದೆಯಾ?”

“ಬರ್ತಿದೆ. ಸ್ವಲ್ಪ ಹಳೇದು. ಹುರಿದಿದ್ದೂ ಜಾಸ್ತಿಯಾಗಿದೆ.”

“ಕಣ್ಣು ಬಿಡಿ.”

ಡಬ್ಬಿ ತೊಳೆದಿಟ್ಟಷ್ಟು ಖಾಲಿಯಾಗಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಕಾಫಿಪುಡಿ ಅಂತ ನೀವೇ ಹೇಳಿದ್ರಲ್ಲ! ಓದಿದವರು ಹೀಗಾ ಮೋಸ ಮಾಡೋದು?”

“ನಾನೇನೋ ಒಂದು ಸಲ ಮಾಡ್ದೆ. ನಿಮ್ಮ ಮಿದುಳು ದಿನಾ ಮಾಡ್ತಿದೆಯಮ್ಮ” ಎಂದರು ಡಾಕ್ಟರು. “ಮೂಗಿನ ಒಳಗೆ ಮೇಲ್ಗಡೆ, ಎರಡು ಕಣ್ಣಿನ ಮಧ್ಯೆ, ಒಂದು ಅಂಚೆಚೀಟಿ ಅಗಲದ ಜಾಗ ಇದೆ. ವಾಸನೆ ಹಿಡಿಯೋದು ಅದೇ. ನಾವು ನೋಡಿದ್ದು, ಕೇಳಿದ್ದು ಮಿದುಳಿನ ನಡುವೆ ಒಂದು ಸುಂಕದ ಕಟ್ಟೆ ದಾಟಿ ಮುಂದೆ ಹೋಗ್ಬೇಕು. ವಾಸನೆಗೆ ಆ ಕಾಯೋ ಕೆಲಸ ಇಲ್ಲ. ಸಿಟ್ಟು, ಭಯ, ಹಳೇ ನೆನಪು ಇರೋ ಕಡೆಗೆ ನೇರ ನುಗ್ಗುತ್ತೆ. ಜ್ವರ ಬಂದು ನಿಮಗೆ ಆ ಹಿಡಿಯೋ ಜಾಗ ಕೆಟ್ಟಿದೆ. ನೆನಪು ಕೆಟ್ಟಿಲ್ಲ.”

“ಕೆಲಸದಲ್ಲಿ ಚೆನ್ನಾಗಿ ಬರುತ್ತೆ ನನಗೆ.”

“ಬಣ್ಣ ನೋಡ್ಕೊಂಡು ಮೂಸ್ತೀರಾ?”

ಅವಳು ಖಾಲಿ ಡಬ್ಬಿಯನ್ನು ಮೇಜಿನ ಆಚೆಗೆ ತಳ್ಳಿದಳು.

“ಅಲ್ಲಿಗೆ ಆಯ್ತಲ್ಲ. ಕಣ್ಣು ಬಣ್ಣ ನೋಡುತ್ತೆ, ಇಪ್ಪತ್ತಾರು ವರ್ಷದ ವಾಸನೇನ ಮಿದುಳು ತಾನೇ ಎತ್ತಿ ಕೊಡುತ್ತೆ. ದಿನಾ ಕಣ್ಮುಚ್ಚಿ ಲವಂಗ, ನಿಂಬೆಸಿಪ್ಪೆ, ಹೀಗೆ ನಾಲ್ಕು ವಾಸನೆ ಇಟ್ಕೊಂಡು ಅಭ್ಯಾಸ ಮಾಡಿ. ನರ ಮತ್ತೆ ಚಿಗುರಿದ್ರೂ ಚಿಗುರ್ಬಹುದು. ತಿಂಗಳುಗಟ್ಟಲೆ ಬೇಕು. ಅಲ್ಲೀವರೆಗೆ ಆ ಸಹಿ ಹಾಕೋ ಕೆಲಸ ಮಾಡಬೇಡಿ.”

ಡಾಕ್ಟರು ಕೊಟ್ಟ ಚೀಟಿಯನ್ನು ಮೆಟ್ಟಿಲು ಇಳಿಯುವಷ್ಟರಲ್ಲೇ ಹರಿದು ಚರಂಡಿಗೆ ಹಾಕಿದಳು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ ಅವಳದು. ಸಹಿ ಹಾಕದಿದ್ದರೆ ಅವಳು ಯಾರು? ಅಕ್ಕಿ ಆರಿಸುವ ಅತ್ತೆ. ತಂಗಿ ಆ ರಿಜಿಸ್ಟರಿನ ಯಜಮಾನಿಯಾಗಿ ಮೆರೆಯುವುದನ್ನು ಮನೆಯಲ್ಲಿ ಕೂತು ಕೇಳಬೇಕು. ಅದಕ್ಕಿಂತ ಸಾಯುವುದೇ ಮೇಲು ಎಂದುಕೊಂಡಳು.

ಎರಡು ವಾರ ಕಳೆದಿರಬೇಕು. ಹೊಸ ಎಣ್ಣೆಯ ಮೂವತ್ತೆರಡು ಡ್ರಮ್ಮು ಬಂತು. ತಂಗಿ ನೀಲಿ ಬಟ್ಟಲು ಮೂಸಿ “ಕಮಟು” ಎಂದಳು. ಅಕ್ಕ ಗಾಜಿನ ಲೋಟ ಬೆಳಕಿಗೆ ಹಿಡಿದಳು. ಯಾರೋ ಹಳೆಯ ಎಣ್ಣೆಯನ್ನು ಸೋಸಿ ಸೋಸಿ ಹೊಸದರಲ್ಲಿ ಬೆರೆಸಿದ್ದರು. ನೋಡಲು ಬಂಗಾರ. ಮೂಸಿದಳು, ಹುರಿದ ಕಡಲೆಕಾಯಿ ಘಮ್ಮೆಂದಿತು.

“ಪಾಸು.”

“ಕಮಟಿದೆ.”

“ಯಾರ ಮುಂದೆ ಮಾತಾಡ್ತಿದ್ದೀಯ, ಗೊತ್ತಿದೆಯಾ? ಮೂಗು ಹಿಡ್ಕೊಂಡು ನಿನಗೆ ಕಲಿಸಿದವಳು ನಾನು” ಎಂದು ತಂಗಿ ಬರೆದಿದ್ದನ್ನು ಹೊಡೆದು ಹಾಕಿ, ಮೂವತ್ತೆರಡಕ್ಕೂ ಒಂದೇ ಉಸಿರಿಗೆ ಸಹಿ ಮಾಡಿದಳು.

ಹತ್ತೇ ದಿನಕ್ಕೆ ಬಾಟಲಿಗಳು ಅಂಗಡಿಗಳಿಂದ ವಾಪಸು ಬರತೊಡಗಿದವು. ಒಂದೊಂದರ ಜೊತೆಗೂ ಒಂದೊಂದು ಬೈಗುಳದ ಚೀಟಿ. ಮ್ಯಾನೇಜರು ಇಬ್ಬರನ್ನೂ ಕರೆಸಿದರು.

“ಅಂಗಡಿಯವರು ಬಿಸಿಲಲ್ಲಿ ಇಟ್ಟಿರ್ತಾರೆ. ಅದಕ್ಕೆ ನಾನೇನು ಮಾಡ್ಲಿ?” ಎಂದಳು ಅಕ್ಕ.

“ಇಲ್ಲಿಂದ ಹೋಗುವಾಗ್ಲೇ ಕಮಟಿತ್ತು” ಎಂದಳು ತಂಗಿ. ಆರು ವರ್ಷದಲ್ಲಿ ಅಕ್ಕನ ಬಗ್ಗೆ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. “ಜ್ವರ ಬಂದಾಗಿಂದ ಇವಳಿಗೆ ವಾಸನೆ ಬರ್ತಿಲ್ಲ ಸಾರ್. ಊಟಕ್ಕೆ ಕೂತಾಗ ಇವಳ ಡಬ್ಬೀಲಿ ಪಲ್ಯ ಹಳಸಿತ್ತು. ಚಪ್ಪರಿಸ್ಕೊಂಡು ತಿಂದ್ಳು.”

“ಹೊಟ್ಟೆಕಿಚ್ಚು ಸಾರ್ ಇವಳಿಗೆ! ಹತ್ತೊಂಬತ್ತು ವರ್ಷದಿಂದ ನನ್ನ ಸ್ಟೂಲಿನ ಮೇಲೇ ಕಣ್ಣು. ಹಾಲೆರೆದು ಸಾಕಿದ್ದಕ್ಕೆ ಕಚ್ತಿದ್ದಾಳೆ.”

“ಹಾಲು ಸೀದಿದ್ದು ಮೊದಲು ನೋಡ್ಕೋ ಹೋಗು. ನಿನ್ನ ಸೊಸೆ ಎಲ್ಲಾ ಹೇಳಿದ್ದಾಳೆ” ಎಂದಳು ತಂಗಿ.

ಮ್ಯಾನೇಜರು ಮೇಜು ಕುಟ್ಟಿದರು. “ನಾಳೆ ಹತ್ತು ಗಂಟೆಗೆ ಆರು ನೀಲಿ ಬಟ್ಟಲು. ನಾನೇ ತುಂಬಿಸ್ತೀನಿ. ಇಬ್ಬರೂ ಮೂಸಿ ಚೀಟೀಲಿ ಬರೀರಿ. ತಪ್ಪಿದವರು ಆ ಕೋಣೆ ಬಿಡ್ಬೇಕು.”

ಮಾರನೆಯ ದಿನ ಅಕ್ಕತಂಗಿ ಎದುರುಬದುರು ಕೂತರು. ಮ್ಯಾನೇಜರು ಒಂದೊಂದೇ ಬಟ್ಟಲನ್ನು ಮೊದಲು ತಂಗಿಗೆ, ಆಮೇಲೆ ಅಕ್ಕನಿಗೆ ಕೊಡುತ್ತ ಹೋದರು. ಮೊದಲನೆಯದು ಬಂತು. ಕಡುನೀಲಿ ಗಾಜು, ಒಳಗೇನಿದೆಯೋ ಕಾಣದು. ದೊಡ್ಡಮೂಗು ಮುಚ್ಚಳ ತೆಗೆದು ಮೂರು ಸಲ ಎಳೆದಳು. ಏನೂ ಇಲ್ಲ. ಕಡಲೆಕಾಯಿ ಇಲ್ಲ, ಕಮಟಿಲ್ಲ, ಗಾಳಿ ಮಾತ್ರ. ಡಾಕ್ಟರು ಹೇಳಿದ್ದು ಅಕ್ಷರ ಅಕ್ಷರವೂ ನಿಜವೆಂದು ಆಗ ಅವಳಿಗೆ ತಿಳಿಯಿತು. ಸಾಲದ್ದಕ್ಕೆ ತಂಗಿ ಆಗಲೇ ಬರೆದು ಮುಗಿಸಿ ಚೀಟಿ ಮಡಿಸಿಟ್ಟಿದ್ದಳು. ಅಕ್ಕ ಕಣ್ಣು ಮುಚ್ಚಿ ಕಲ್ಲು ಹೊಡೆದ ಹಾಗೆ ‘ಪಾಸು’ ಎಂದು ಬರೆದಳು.

ಎರಡನೆಯ ಬಟ್ಟಲು ತಂಗಿಯ ಮೂಗಿನ ಬಳಿ ಹೋದಾಗ ಅಕ್ಕ ದ್ವೇಷದಿಂದಲೇ ಅವಳ ಮುಖ ನೋಡುತ್ತಿದ್ದಳು. ತಂಗಿಯ ಎಡಹೊಳ್ಳೆ ಚೂರು ಮೇಲಕ್ಕೆ ಸೆಳೆಯಿತು, ಮೇಲ್ದುಟಿ ಸೀನು ಬರುವಂತೆ ಎದ್ದು ಇಳಿಯಿತು. ಹತ್ತೊಂಬತ್ತು ವರ್ಷ ಎದುರು ಕೂತು ನೋಡಿದ ಮುಖ. ಅದು ಕಮಟಿಗೆ ಮಾತ್ರ ಬರುವ ಮುಖವೆಂದು ಅಕ್ಕನಿಗೆ ಯೋಚಿಸದೆಯೇ ಗೊತ್ತಾಯಿತು. ಬಟ್ಟಲು ತನ್ನ ಕೈಗೆ ಬಂದಾಗ ಮುಚ್ಚಳ ತೆಗೆದಳು, ಕಮಟು ವಾಸನೆ ಗಪ್ಪೆಂದು ಹೊಡೆಯಿತು. ಅದು ಬಟ್ಟಲಿನಿಂದ ಬಂದದ್ದಲ್ಲ, ಎದುರಿನ ಮುಖದಿಂದ ಬಂದದ್ದು ಎಂದು ಗೊತ್ತಿದ್ದೂ ವಾಸನೆ ಮಾತ್ರ ನಿಜವಾದ ವಾಸನೆಯೇ. ‘ಕಮಟು’ ಎಂದು ಬರೆದಳು. ಆಮೇಲೆ ಬಟ್ಟಲು ನೋಡುವ ಗೋಜಿಗೇ ಹೋಗಲಿಲ್ಲ. ಮುಖ ಸುಮ್ಮನಿದ್ದರೆ ‘ಪಾಸು’, ಹೊಳ್ಳೆ ಎದ್ದರೆ ‘ಕಮಟು’.

ಮ್ಯಾನೇಜರು ಚೀಟಿ ಬಿಚ್ಚಿದರು. ಅಕ್ಕ ಕುರುಡಾಗಿ ಬರೆದ ಮೊದಲನೆಯದೂ ಸೇರಿ, ಇಬ್ಬರದೂ ಆರಕ್ಕೆ ಆರು ಸರಿ.

“ನೋಡಮ್ಮ” ಎಂದು ತಂಗಿಯ ಕಡೆ ತಿರುಗಿದರು, “ಬಾಟಲಿ ಅಂಗಡಿಯ ಬಿಸಿಲಲ್ಲೇ ಕೆಟ್ಟಿರ್ಬೇಕು. ಅಕ್ಕನ ಮೇಲೆ ಹೀಗೆ ಹಗೆ ಸಾಧಿಸಬಾರ್ದು. ನೀವಿಬ್ಬರೂ ಒಂದೇ ಕೋಣೇಲಿ ಇದ್ರೆ ನನಗೆ ತಲೆನೋವು. ಇವತ್ತಿಂದ ಕೆಳಗಡೆ ಪ್ಯಾಕಿಂಗಿಗೆ ಹೋಗಿ. ಇಲ್ಲಿ ಅವರೊಬ್ಬರೇ ಸಾಕು.”

ತಂಗಿಗೆ ನಂಬಲಾಗಲಿಲ್ಲ. “ನಿನಗೆ ವಾಸನೆ ಬರಲ್ಲ. ಹಳಸಿದ ಪಲ್ಯ ತಿಂದಿದ್ದು ನಾನು ಕಣ್ಣಾರೆ ನೋಡಿದ್ದೀನಿ. ಹೇಗೆ ಬರೆದೆ?”

“ಪೂರ್ತಿ ಮೂಗು ಇರೋರು ಹಾಗೇ ಬರೆಯೋದು” ಎಂದಳು ಅಕ್ಕ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. “ನಿನ್ನ ನೀಲಿ ಬಟ್ಟಲುಗಳನ್ನ ತಗೊಂಡು ಹೋಗು, ಮೊಮ್ಮಕ್ಕಳಿಗೆ ಆಡೋಕೆ ಆಗುತ್ತೆ” ಎಂದೂ ಸೇರಿಸಿದಳು. ತಂಗಿಗೆ ಮಕ್ಕಳೇ ಇರಲಿಲ್ಲ.

ಆ ದಿನವೆಲ್ಲ ದೊಡ್ಡಮೂಗು ನೆಲದ ಮೇಲೆ ನಡೆಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಹದಿನಾಲ್ಕು ಡ್ರಮ್ಮಿನ ಎಣ್ಣೆ ಮೇಜಿನ ಮೇಲೆ ಬಂದಾಗ ನೆಲಕ್ಕಿಳಿದಳು. ಎದುರಿನ ಸ್ಟೂಲು ಖಾಲಿ. ಮೊದಲ ಲೋಟ ಬೆಳಕಿಗೆ ಹಿಡಿದಳು, ಬಂಗಾರದ ಬಣ್ಣ, ಹುರಿದ ಕಡಲೆಕಾಯಿ ಘಮ್ಮೆಂದಿತು. ಆ ಮೂವತ್ತೆರಡಕ್ಕೂ ಹೀಗೇ ಬಂದಿತ್ತು. ಪೆನ್ನು ತೆಗೆದು ರಿಜಿಸ್ಟರಿನ ಮೇಲಿಟ್ಟಳು. ಈ ವಾಸನೆ ಸುಳ್ಳೆಂದು ಅವತ್ತು ಅವಳಿಗೆ ಗೊತ್ತಿರಲಿಲ್ಲ, ಇವತ್ತು ಗೊತ್ತಿತ್ತು. ಎಷ್ಟು ಕೆಟ್ಟವಳಾದರೂ ಮೂಸದೆ ಸಹಿ ಹಾಕಿದವಳಲ್ಲ ಅವಳು. ಅವಳ ಜಂಬಕ್ಕೆಲ್ಲ ಬುಡ ಅದೊಂದೇ ಆಗಿತ್ತು. ಹನ್ನೊಂದು ಗಂಟೆಯಾಯಿತು. ಬಾಟಲಿ ವಿಭಾಗದಿಂದ ಎರಡು ಸಲ ಕರೆ ಬಂತು, “ಎಣ್ಣೆ ಬಿಡ್ತೀರಾ ಮೇಡಂ?” ಎಂದು. ಪೆನ್ನು ಇದ್ದಲ್ಲೇ ಇತ್ತು.

ಕೊನೆಗೆ ಒಂದು ನೀಲಿ ಬಟ್ಟಲಿಗೆ ಎಣ್ಣೆ ಹಾಕಿ, ಮುಚ್ಚಳ ಮುಚ್ಚಿ, ಕೆಳಗೆ ಪ್ಯಾಕಿಂಗಿಗೆ ಹೊರಟಳು. ಒಂದು ಕ್ಷಣ ತಂಗಿಯ ಮುಖ ಸಿಕ್ಕಿದರೆ ಸಾಕು ಎಂಬ ಲೆಕ್ಕಾಚಾರ. ಮುಚ್ಚಳ ಬಿಗಿಯುವ ಯಂತ್ರದ ಗದ್ದಲದಲ್ಲಿ ಇಪ್ಪತ್ತು ಜನ ಸಾಲಾಗಿ ನಿಂತಿದ್ದರು. ತಂಗಿ ಕೊನೆಯಲ್ಲಿ ಲೇಬಲ್ ಅಂಟಿಸುತ್ತಿದ್ದಳು.

“ಇದೊಂದು ನೋಡು.”

“ಯಾಕೆ? ನೀನೊಬ್ಬಳೇ ಸಾಕಲ್ಲ ಅಲ್ಲಿಗೆ.”

“ನೋಡು ಅಂದ್ರೆ ನೋಡೇ.”

ತಂಗಿ ಕೈ ಒರೆಸಿಕೊಂಡು ಬಟ್ಟಲು ತೆಗೆದುಕೊಂಡಳು. ಮುಚ್ಚಳ ಎತ್ತುವ ಮೊದಲು ಅಕ್ಕನನ್ನು ನೋಡಿದಳು. ಅಕ್ಕನ ಕಣ್ಣು ಬಟ್ಟಲಿನ ಮೇಲಿರಲಿಲ್ಲ, ತನ್ನ ಮೂಗಿನ ಮೇಲೆ ನೆಟ್ಟಿತ್ತು. ಹಸಿದವರು ತಟ್ಟೆ ನೋಡುವ ಹಾಗೆ ನೋಡುತ್ತಿದ್ದಳು. ನಿನ್ನೆ ಅಕ್ಕ ಆರಕ್ಕೆ ಆರೂ ಹೇಗೆ ಬರೆದಳೆಂದು ತಂಗಿಗೆ ಈಗ ಅರ್ಥವಾಯಿತು.

“ಓಹೋ” ಎಂದಳು. ಬೆನ್ನು ತಿರುಗಿಸಿ, ಗೋಡೆಗೆ ಮುಖ ಮಾಡಿ, ಮೂರು ಸಲ ಸಣ್ಣಗೆ ಮೂಸಿ, ಮುಚ್ಚಿ, ತಿರುಗಿದಳು. ಮುಖದಲ್ಲಿ ಒಂದು ಗೆರೆಯೂ ಇಲ್ಲ. “ನನಗೆ ಗೊತ್ತಾಯ್ತು. ನೀನು ಹೇಳು, ಏನದು?”

ಬಾಟಲಿ ವಿಭಾಗದ ಗುಮಾಸ್ತ ಬಾಗಿಲಲ್ಲಿ ಇಣುಕಿ, ಮೂರನೆಯ ಸಲ “ಮೇಡಂ, ಪಾಸಾ?” ಎಂದು ಕೂಗಿದ.

“ಹೇಳು, ಕೇಳ್ತಿದ್ದಾರಲ್ಲ” ಎಂದಳು ತಂಗಿ.

“ನನಗೆ ವಾಸನೆ ಬರ್ತಿಲ್ಲ.”

“ಯಂತ್ರದ ಸದ್ದಲ್ಲಿ ಕೇಳಿಸ್ಲಿಲ್ಲ.”

ತಂಗಿ ಕೈಚಾಚಿ ಕೆಂಪು ಗುಂಡಿ ಒತ್ತಿದಳು. ಯಂತ್ರ ನಿಂತಿತು. ಇಪ್ಪತ್ತು ಜನರೂ ಏನಾಯಿತೆಂದು ಇತ್ತ ತಿರುಗಿದರು. ದೊಡ್ಡಮೂಗು ಬಟ್ಟಲಿಗಾಗಿ ಕೈ ಚಾಚಿದಳು, ತಂಗಿ ಕೊಡಲಿಲ್ಲ. ಆಗ ಅಕ್ಕ ಎಲ್ಲರಿಗೂ ಕೇಳುವಂತೆ ಅದೇ ಮಾತನ್ನು ಇನ್ನೊಂದು ಸಲ ಹೇಳಿದಳು.